ದೂರದ ಉಳಿತಾಯ

ಮೂಡಲಸೀಮೆಯ ಜನ ತಮಗೊಂದು ಸ್ವಂತ ಶಾಸನಸಭೆ ಬೇಕೆಂದು ಕೇಳಲು ಶುರುಮಾಡಿ ಒಂದು ತಲೆಮಾರೇ ಕಳೆದಿತ್ತು. ಅವರು ಬೇರೆ ರಾಜ್ಯವನ್ನೇನೂ ಕೇಳಿರಲಿಲ್ಲ. ಆಸ್ಪತ್ರೆ, ಶಾಲೆ, ರಸ್ತೆ, ಕೂಲಿಕಾರರ ವ್ಯಾಜ್ಯ, ಇಷ್ಟನ್ನು ತಮ್ಮ ಹಿರೇಗಡದಲ್ಲೇ ಕೂತು ತೀರ್ಮಾನಿಸುವ ಸಣ್ಣದೊಂದು ಪ್ರಾದೇಶಿಕ ಸಭೆ ಸಾಕು ಎಂದಿದ್ದರು. ಕೊಡುತ್ತೇವೆ ಎನ್ನಲು ಸರ್ಕಾರಕ್ಕೆ ಮನಸ್ಸಿರಲಿಲ್ಲ. ಕೊಡುವುದಿಲ್ಲ ಎನ್ನಲು ಧೈರ್ಯವಿರಲಿಲ್ಲ. ಇಂಥ ಇಕ್ಕಟ್ಟಿನಲ್ಲಿ ಎಲ್ಲ ಸರ್ಕಾರಗಳೂ ಮಾಡುವುದನ್ನೇ ಇದೂ ಮಾಡಿತು. ಸಭೆ ಮಾಡಿದರೆ ಖರ್ಚೆಷ್ಟು, ಉಳಿತಾಯವೆಷ್ಟು ಎಂದು ಅಂದಾಜು ತೆಗೆಸಲು ಹೊರಟಿತು.

ಅಂದಾಜು ತೆಗೆಯುವುದಕ್ಕೆಂದೇ ರಾಜಧಾನಿಯಲ್ಲಿ ಅಂದಾಜು ಭವನವೆಂಬ ಕಟ್ಟಡವಿತ್ತು. ಸುತ್ತ ಗಾಜು, ಒಳಗೆ ಹುಲ್ಲುಹಾಸು, ನಡುವೆ ಕಾರಂಜಿ. ಅದನ್ನು ಕಟ್ಟುವಾಗ ಖರ್ಚು ಅದರದ್ದೇ ಅಂದಾಜನ್ನು ಮೀರಿ ಎಲ್ಲೋ ಹೋಗಿತ್ತು. ಅದಕ್ಕಾಗಿ ಯಾರೂ ನಾಚಿಕೊಂಡ ಹಾಗೆ ಕಾಣಲಿಲ್ಲ. ಆ ಭವನದ ನೆಲಮಾಳಿಗೆಯಲ್ಲಿ ತಣ್ಣನೆಯ ಗಾಳಿ ಕುಡಿಯುತ್ತ ಕೂತಿತ್ತು ಪಡಿಯಚ್ಚು ಎಂಬ ಯಂತ್ರ. ಅದನ್ನು ನೋಡಿಕೊಳ್ಳುವ ಹೊಣೆ ಜಗದೇವಿಯದು.

ರಾಜ್ಯದ ಪ್ರತಿಯೊಬ್ಬ ಮನುಷ್ಯನಿಗೂ ಪಡಿಯಚ್ಚಿನೊಳಗೆ ಒಂದು ಅಚ್ಚು ಇತ್ತು. ಪಡಿತರ ಅಂಗಡಿಯ ಹೆಬ್ಬೆಟ್ಟು, ಆಸ್ಪತ್ರೆಯ ಚೀಟಿ, ಬಸ್ಸಿನ ಟಿಕೀಟು, ಫೋನಿನ ಓಡಾಟ, ಕರೆಂಟಿನ ಬಿಲ್ಲು, ಹೀಗೆ ಮನುಷ್ಯ ಹಿಂದೆ ಬಿಟ್ಟುಹೋದ ಗುರುತುಗಳನ್ನೆಲ್ಲ ಬಾಚಿ ಯಂತ್ರ ಅವನ ಅಚ್ಚನ್ನು ಎರೆದಿತ್ತು. ಆ ಅಚ್ಚು ಅವನ ಹಾಗೇ ಉಣ್ಣುತ್ತಿತ್ತು, ಕೆಮ್ಮುತ್ತಿತ್ತು, ಅರ್ಜಿ ಬರೆಯುತ್ತಿತ್ತು, ಸಾಯುತ್ತಿತ್ತು. ಹೊರಗೆ ಒಂದು ವಾರ ಕಳೆಯುವಷ್ಟರಲ್ಲಿ ಯಂತ್ರದೊಳಗೆ ಇಪ್ಪತ್ತು ವರ್ಷ ಉರುಳುತ್ತಿತ್ತು. ಹೊಸ ಕಾನೂನೊಂದನ್ನು ಒಳಗೆ ಬಿಟ್ಟು, ಇಪ್ಪತ್ತು ವರ್ಷದ ಮೇಲೆ ಯಾರ ಗತಿ ಏನಾಯಿತು ಎಂದು ನೋಡಿಕೊಂಡು ಬರಬಹುದಿತ್ತು.

ಅದರೊಳಗಿನ ಒಂದು ಸೂತ್ರ ಜಗದೇವಿಯ ಸ್ವಂತ ಸೃಷ್ಟಿ. ಕಚೇರಿ ಎಷ್ಟು ದೂರವಿದೆ, ಹೋಗಿಬರಲು ಎಷ್ಟು ದಿನದ ಕೂಲಿ ಹೋಗುತ್ತದೆ, ಎಷ್ಟು ಸಲ 'ನಾಳೆ ಬಾ' ಎನ್ನಿಸಿಕೊಳ್ಳಬೇಕಾಗುತ್ತದೆ, ಇವೆಲ್ಲ ಸೇರಿ ಒಬ್ಬ ಮನುಷ್ಯ ಯಾವ ಘಟ್ಟದಲ್ಲಿ 'ಹಾಳಾಗಿ ಹೋಗಲಿ' ಎಂದು ಕೈಬಿಡುತ್ತಾನೆಂಬುದನ್ನು ಅದು ಲೆಕ್ಕ ಹಾಕುತ್ತಿತ್ತು. ದಣಿವಿನ ಸೂತ್ರ ಎಂದು ಅದಕ್ಕೆ ಹೆಸರು. ಅದಕ್ಕೆ ಡಾಕ್ಟರೇಟು ಬಂತು, ಹಾರ ತುರಾಯಿ ಬಂತು. ಜನ ಎಲ್ಲಿ ದಣಿಯುತ್ತಾರೆಂದು ಗೊತ್ತಾದರೆ ಸರ್ಕಾರ ಅಲ್ಲಿಗೆ ನೆರವು ಕಳಿಸುತ್ತದೆ ಎಂದು ಅವಳು ನಂಬಿದ್ದಳು. ಓದಿದವರಿಗೂ ಇಂಥ ಹುಚ್ಚು ನಂಬಿಕೆಗಳಿರುತ್ತವೆ.

ಜಗದೇವಿ ಮೂಡಲಸೀಮೆಯವಳೇ. ಊರು ಶಿಲವಾಡಿ. ನೆಲ ಅಗೆದರೆ ಬಂಡೆ, ಬಂಡೆ ಸೀಳಿದರೆ ಚಪ್ಪಡಿ, ಚಪ್ಪಡಿ ಉಜ್ಜಿದರೆ ಕೂಲಿ. ಅಂದಾಜು ಭವನದ ನೆಲಕ್ಕೆ ಹಾಸಿದ್ದೂ ಶಿಲವಾಡಿಯ ಕಲ್ಲೇ. ಅದನ್ನು ಹೊಳಪಿಗೆ ತಂದವರ ಎದೆಯೊಳಗೆ ಕಲ್ಲಿನ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಹಡೆದವ್ವ ಬೇಗ ಹೋದ ಮೇಲೆ ಜಗದೇವಿಯನ್ನು ಸಾಕಿ, ಓದಿಸಿದವಳು ಚಿಕ್ಕವ್ವ ಭೀಮಬಾಯಿ. ಹರೆಯದಿಂದ ಮುದಿತನದವರೆಗೆ ಪಾಲಿಶ್ ಮಷೀನಿನ ಮುಂದೆ ಕೂತ ಹೆಂಗಸು. ಈಗ ಅವಳಿಗೆ ಮಾತಿನ ನಡುವೆ ಉಸಿರು ಸಾಲುತ್ತಿರಲಿಲ್ಲ.

"ಊಟ ಆಯ್ತೇನು ಚಿಕ್ಕವ್ವ?" ಎಂದು ಜಗದೇವಿ ಫೋನಿನಲ್ಲಿ ಕೇಳಿದರೆ ಉತ್ತರ ತುಂಡುತುಂಡಾಗಿ ಬರುತ್ತಿತ್ತು.

"ಆಯ್ತ್... ಅವ್ವಾ. ನಿಂದು?"

"ನಾ ಕೊಟ್ಟ ಹವಾ ಮಷೀನ್ ಹಚ್ಕೊಂಡೀ ಇಲ್ಲೋ?"

ಆ ಕಡೆ ಸ್ವಲ್ಪ ಹೊತ್ತು ಬರೀ ಸಿಳ್ಳೆಯಂಥ ಉಸಿರು. "ಖಾಜಾಬಿಗಿ... ಕೊಟ್ಟೀನಿ. ಆಕಿಗಿ... ಭಾಳ್ ತ್ರಾಸ್... ಆಗಿತ್ತು."

ಗಾಳಿಯಿಂದ ಆಮ್ಲಜನಕ ಸೋಸಿಕೊಡುವ ಆ ಯಂತ್ರವನ್ನು ಜಗದೇವಿ ಸಾಲ ಮಾಡಿ ತಂದಿದ್ದಳು. ಅದು ಪಕ್ಕದ ಮನೆ ಖಾಜಾಬಿಯ ಪಾಲಾಯಿತು. ಇನ್ನೊಂದು ತಂದಳು, ಅದು ಹಿಂದಿನ ಓಣಿಯ ಯಾರಿಗೋ ಹೋಯಿತು. ಮೂರನೆಯದನ್ನು ತರುತ್ತೇನೆಂದಾಗ ಚಿಕ್ಕವ್ವ ಒಪ್ಪಲಿಲ್ಲ. "ಇಡೀ ಓಣಿಗಿ... ತರ್ತೀ ಏನ್? ನಿನ್ ರೊಕ್ಕ... ಯಾಕ? ನಮ್ ಎದಿ ತಿಂದೋರು... ಕೊಡ್ಲಿ. ಕಾಯ್ದೆ... ಅದಲ್ಲ?" ಎಂದಳು.

ಕಾಯ್ದೆ ಇತ್ತು. ಕಲ್ಲಿನ ಧೂಳಿನಿಂದ ಎದೆ ಕೆಟ್ಟವರಿಗೆ ಸರ್ಕಾರವೇ ಹವಾ ಮಷೀನು ಕೊಡಬೇಕೆಂದು ಅದು ಚೆನ್ನಾಗಿಯೇ ಹೇಳುತ್ತಿತ್ತು. ಆದರೆ ರೋಗಿಯು ವೈದ್ಯಕೀಯ ಮಂಡಳಿಯ ಮುಂದೆ ಖುದ್ದಾಗಿ ಹಾಜರಾಗಿ ಕೆಮ್ಮಿ ತೋರಿಸತಕ್ಕದ್ದು. ಮಂಡಳಿ ಕೂರುವುದು ರಾಜಧಾನಿಯಲ್ಲಿ, ಶಿಲವಾಡಿಯಿಂದ ಒಂದು ಹಗಲು ಒಂದು ರಾತ್ರಿಯ ದಾರಿ. ಚಿಕ್ಕವ್ವ ಎರಡು ಸಲ ಬಂದಿದ್ದಳು. ಒಮ್ಮೆ ಅಧ್ಯಕ್ಷರು ರಜೆ ಹಾಕಿದ್ದರು, ಇನ್ನೊಮ್ಮೆ ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಲಾಗದ ಮುದುಕಿಯ ಹೆಸರನ್ನು ಮೇಲಿನ ಮಹಡಿಯಲ್ಲಿ ಮೂರು ಸಲ ಕೂಗಿ ಗೈರುಹಾಜರಿ ಬರೆದುಕೊಂಡರು. ಹಿರೇಗಡದಲ್ಲಿ ಸಭೆಯಾದರೆ ಮಂಡಳಿಯೂ ಹಿರೇಗಡಕ್ಕೆ ಬರುತ್ತದೆ. ಶಿಲವಾಡಿಯಿಂದ ಹಿರೇಗಡಕ್ಕೆ ಟಂಟಂ ಆಟೋ ಹತ್ತಿದರೆ ಸಾಕು. ಜಗದೇವಿಗೆ ಈ ಅಂದಾಜಿನಲ್ಲಿ ಬೇಕಾದದ್ದು ಇಷ್ಟೇ: ಚಿಕ್ಕವ್ವನ ಎದೆಗೆ ಗಾಳಿ, ಅದೂ ಅವಳಿರುವಾಗಲೇ.

ಅವಳು ಪಡಿಯಚ್ಚನ್ನು ಎರಡು ಸಲ ಓಡಿಸಿದಳು. ಮೊದಲ ಓಟದಲ್ಲಿ ಎಲ್ಲವೂ ಈಗಿನಂತೆ. ಎರಡನೆಯದರಲ್ಲಿ ಹಿರೇಗಡದಲ್ಲಿ ಒಂದು ಸಭೆ, ಅದಕ್ಕೆ ಅಚ್ಚಿನ ಸದಸ್ಯರು, ಅಚ್ಚಿನ ಚುನಾವಣೆ, ಅಚ್ಚಿನ ಮಂಡಳಿಗಳು. ಸಭೆ ಬಂದರೆ ಖರ್ಚು ಸ್ವಲ್ಪ ಏರಿ ಆಮೇಲೆ ಇಳಿಯುತ್ತದೆ ಎಂಬುದು ಅವಳ ಎಣಿಕೆಯಾಗಿತ್ತು. ಫಲಿತಾಂಶ ನೋಡಿದಾಗ ಖರ್ಚಿನ ಗೆರೆ ಬಾಣದ ಹಾಗೆ ಮೇಲಕ್ಕೆ ಹೋಗಿತ್ತು, ಇಳಿಯುವ ಲಕ್ಷಣವೇ ಇರಲಿಲ್ಲ.

ಅಂದಾಜನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಸಮಿತಿಯ ಅಧ್ಯಕ್ಷರು ಪ್ರಧಾನ ಕಾರ್ಯದರ್ಶಿ ಚಂದ್ರಮೌಳಿ. ಕನ್ನಡಕದ ಮೇಲಿಂದ ನೋಡುವುದನ್ನೇ ಕೆಲಸವೆಂದು ತಿಳಿದಿದ್ದ ಮನುಷ್ಯ. ಗೆರೆಯನ್ನು ಕಂಡು ಅವರ ಮುಖ ಅರಳಿತು.

"ನೋಡಿದ್ರಾ? ನಾನು ಮೊದ್ಲೇ ಹೇಳಿದ್ದೆ. ಕಟ್ಟಡ, ಸಂಬಳ, ಕಾರು, ಭತ್ಯೆ. ಸಭೆ ಅಂದ್ರೆ ಸುಮ್ನೇನಾ?"

"ಅದೆಲ್ಲ ಬಹಳ ಕಡಿಮೆ ಸರ್," ಎಂದಳು ಜಗದೇವಿ. "ಬಸ್ಸು, ವಕೀಲರು, ಎರಡೆರಡು ಕಚೇರಿ ಇವುಗಳಲ್ಲಿ ಆಗೋ ಉಳಿತಾಯಕ್ಕೆ ಅದು ಸರಿಹೋಗತ್ತೆ. ಖರ್ಚು ಏರಿರೋದು ಬೇರೆ ಕಡೆ."

"ಎಲ್ಲಿ?"

"ಜನ ಕೇಳೋಕೆ ಬಂದಿದಾರೆ ಸರ್."

ಅದೇ ಗುಟ್ಟು. ಸಭೆ ಹತ್ತಿರವಾದ ಕೂಡಲೇ ಅಚ್ಚುಗಳು ದಣಿಯುವುದನ್ನು ಬಿಟ್ಟಿದ್ದವು. ವಿಧವೆಯರ ಅಚ್ಚುಗಳು ಪಿಂಚಣಿ ಕೇಳಿದವು, ಕೈ ಕಳೆದುಕೊಂಡವರ ಅಚ್ಚುಗಳು ಪರಿಹಾರ ಕೇಳಿದವು, ಕಲ್ಲು ಉಜ್ಜುವವರ ಅಚ್ಚುಗಳು ಹವಾ ಮಷೀನು ಕೇಳಿದವು. ಎಲ್ಲವೂ ಕಾಯ್ದೆಯಲ್ಲಿ ಮೊದಲೇ ಇದ್ದದ್ದು, ಯಾರೂ ಹೊಸದಾಗಿ ಒಂದು ಪೈಸೆ ಕೇಳಿರಲಿಲ್ಲ. ಇಷ್ಟು ದಿನ ದೂರವೇ ಅವರ ಅರ್ಜಿಗಳನ್ನು ತಿಂದುಹಾಕುತ್ತಿತ್ತು. ಹಾಗೆ ತಿಂದದ್ದನ್ನೆಲ್ಲ ಯಂತ್ರ ಮೊದಲ ಓಟದ ಲೆಕ್ಕದಲ್ಲಿ ಒಟ್ಟು ಹಾಕಿ ಒಂದು ಹೆಸರನ್ನೂ ಕೊಟ್ಟಿತ್ತು: ದೂರದ ಉಳಿತಾಯ.

ಚಂದ್ರಮೌಳಿ ಆ ಪದವನ್ನು ಎರಡು ಸಲ ಓದಿದರು. ಒಳ್ಳೆಯ ಕಾಫಿ ಕುಡಿದವರ ಹಾಗೆ ತುಟಿ ಸವರಿಕೊಂಡರು.

"ಅಂದ್ರೆ ಈಗ ಇರೋ ವ್ಯವಸ್ಥೆನೇ ಅತ್ಯಂತ ಮಿತವ್ಯಯದ್ದು ಅಂತ ಆಯ್ತು."

"ಕೊಡಬೇಕಾದ್ದನ್ನ ಕೊಡದೆ ಇರೋದು ಉಳಿತಾಯನಾ ಸರ್?"

"ಲೆಕ್ಕದಲ್ಲಿ ಹೌದಮ್ಮ. ಭಾವನೆ ಬೇರೆ, ಲೆಕ್ಕ ಬೇರೆ. ನಿಮ್ಮ ದಣಿವಿನ ಸೂತ್ರ ಎಷ್ಟು ಉಪಯೋಗಕ್ಕೆ ಬಂತು ನೋಡಿ!"

ತಾನೇ ಮಸೆದ ಚಾಕು ತನ್ನ ಮನೆಯವರ ಕುತ್ತಿಗೆಯ ಮೇಲಿರುವುದು ಜಗದೇವಿಗೆ ಆಗ ಕಂಡಿತು. ಅವಳು ನೆಲಮಾಳಿಗೆಗೆ ಇಳಿದು ಬಂದು, ಮಾಡಬಾರದ ಒಂದು ಕೆಲಸ ಮಾಡಿದಳು. ಚಿಕ್ಕವ್ವನ ಅಚ್ಚನ್ನು ತೆರೆದು ನೋಡಿದಳು. ಎರಡನೆಯ ಓಟದಲ್ಲಿ ಭೀಮಬಾಯಿ ಮೂಗಿಗೆ ನಳಿಗೆ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು, ಹಲವು ವರ್ಷ. ಮೊದಲ ಓಟದಲ್ಲಿ ಬರುವ ಬೇಸಗೆಯನ್ನೂ ಕಂಡಿರಲಿಲ್ಲ. ಅವಳ ಹೆಸರಿನ ಮುಂದೆ ಯಂತ್ರ 'ಹೊಣೆ ತೀರಿದೆ' ಎಂದು ಬರೆದು, ಉಳಿದ ದುಡ್ಡನ್ನು ಉಳಿತಾಯಕ್ಕೆ ಸೇರಿಸಿತ್ತು. ಜಗದೇವಿ ಕುರ್ಚಿಯಲ್ಲಿ ಕೂತು ಅತ್ತಳು. ಆಮೇಲೆ ಮುಖ ತೊಳೆದುಕೊಂಡಳು. ಅವಳಿಗೆ ದುಃಖಕ್ಕಿಂತ ಹೇಸಿಗೆ ಹೆಚ್ಚಾಗಿತ್ತು.

ಸಮಿತಿ 'ಬೇಡ' ಎಂದು ಬರೆದು ಕೈ ತೊಳೆದುಕೊಂಡಿದ್ದರೆ ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಚುನಾವಣೆ ಹತ್ತಿರವಿತ್ತು, ಮೂಡಲಸೀಮೆಯ ಮತಗಳು ಬೇಕಾಗಿದ್ದವು. ಆಗ ಮಂತ್ರಿಗಳಿಗೆ ಒಂದು ಉಪಾಯ ಹೊಳೆಯಿತು. ಸಭೆಯನ್ನು ಹೊಸದಾಗಿ ಮಾಡುವುದೇಕೆ, ಯಂತ್ರದೊಳಗೆ ಅದು ಆಗಲೇ ಇದೆಯಲ್ಲ? ಕಟ್ಟಡ ಬೇಡ, ಸಂಬಳ ಬೇಡ, ಸದಸ್ಯರು ಜಗಳಾಡಿ ಮೈಕು ಮುರಿಯುವುದಿಲ್ಲ. ಅಚ್ಚಿನ ಜನ ಅಚ್ಚಿನ ಸಭೆಗೆ ಅರ್ಜಿ ಕೊಡುತ್ತಾರೆ, ಸಭೆ ಅಚ್ಚಿನ ದುಡ್ಡಿನಲ್ಲಿ ಮಂಜೂರು ಮಾಡುತ್ತದೆ, ಅವರು ತೃಪ್ತರಾಗುತ್ತಾರೆ. ಜನರ ಪಡಿಯಚ್ಚು ತೃಪ್ತವಾದರೆ ಜನ ತೃಪ್ತರಾದ ಹಾಗೇ ಅಲ್ಲವೇ? ಖರ್ಚು ಸೊನ್ನೆ, ಉಳಿತಾಯವೆಲ್ಲ ಹಾಗೇ ಕೈಯಲ್ಲಿ. ಇಂಥ ಮಾತನ್ನು ಕುಡಿದವನು ಆಡಿದ್ದರೆ ಮನೆಗೆ ಕಳಿಸಿ ಮಲಗಿಸುತ್ತಿದ್ದರು. ಮಂತ್ರಿಗಳು ಆಡಿದ್ದರಿಂದ ಸಮಿತಿ ಎದ್ದುನಿಂತು ಚಪ್ಪಾಳೆ ತಟ್ಟಿತು.

ಮೂಡಲಸೀಮೆ ಪ್ರಾದೇಶಿಕ ಸಭೆಯ ಉದ್ಘಾಟನೆ ಅಂದಾಜು ಭವನದ ಸಭಾಂಗಣದಲ್ಲೇ ನಡೆಯಿತು. ಒಂದು ದೊಡ್ಡ ಪರದೆಗೆ ಮಲ್ಲಿಗೆ ಹಾರ ಹಾಕಿದ್ದರು. ಮಂತ್ರಿಗಳು ದೀಪ ಹಚ್ಚಿ ಪರದೆಗೆ ಕೈಮುಗಿದರು. ಪರದೆಯೊಳಗಿನ ಸಭಾಧ್ಯಕ್ಷರೂ ಕೈಮುಗಿದರು. ಆ ಅಚ್ಚಿನ ಸಭೆಗೆ ಮಾತ್ರ ಮನುಷ್ಯತ್ವವಿತ್ತೆಂದು ಹೇಳಲೇಬೇಕು. ಅದು ಮೊದಲ ಕಲಾಪದಲ್ಲೇ ಶಿಲವಾಡಿಯ ಕಲ್ಲು ಕೆಲಸದವರಿಗೆಲ್ಲ ಹವಾ ಮಷೀನು ಮಂಜೂರು ಮಾಡಿತು. ಮಂತ್ರಿಗಳು ಉಬ್ಬಿಹೋಗಿ, ಈ ಸಭೆಯ ತೀರ್ಮಾನಗಳೆಲ್ಲ ಸರ್ಕಾರದ ಸಾಧನೆಗಳೇ, ಅವನ್ನು ತಕ್ಷಣ ಸರ್ಕಾರದ ಅಸಲಿ ದಾಖಲೆಗಳಿಗೆ ಏರಿಸತಕ್ಕದ್ದು ಎಂದು ಅಪ್ಪಣೆ ಮಾಡಿದರು. ಅಪ್ಪಣೆಯಂತೆ ಏರಿಸಿದರು. ಹಾಗೆಂದರೆ ಏನಾಗುತ್ತದೆ ಎಂದು ಅಲ್ಲಿದ್ದವರಲ್ಲಿ ಒಬ್ಬರೂ ಯೋಚಿಸಲಿಲ್ಲ, ಊಟಕ್ಕೆ ಹೊತ್ತಾಗಿತ್ತು.

ಮರುವಾರ ಜಗದೇವಿ ರಜೆ ಹಾಕಿ ಶಿಲವಾಡಿಗೆ ಹೋದಳು. ಓಣಿಯಲ್ಲಿ ಎಲ್ಲರ ಕೈಯಲ್ಲೂ ಫೋನು, ಎಲ್ಲರಿಗೂ ಒಂದೇ ಸಂದೇಶ. ಚಿಕ್ಕವ್ವ ಗೋಡೆಗೆ ದಿಂಬು ಒತ್ತಿ ಕೂತಿದ್ದಳು. ಮಲಗಿದರೆ ಉಸಿರು ನಿಲ್ಲುತ್ತದೆಂದು ಮಲಗುವುದನ್ನೇ ಬಿಟ್ಟಿದ್ದಳು. ತುಟಿ ನೀಲಿಯಾಗಿತ್ತು.

"ಇದು... ಓದವ್ವಾ," ಎಂದು ಫೋನು ಕೊಟ್ಟಳು.

ಜಗದೇವಿ ಓದಿದಳು. ನಿಮ್ಮ ಅರ್ಜಿ ಮಂಜೂರಾಗಿದೆ. ಆಮ್ಲಜನಕ ಯಂತ್ರವನ್ನು ನಿಮ್ಮ ಮನೆಗೆ ತಲುಪಿಸಲಾಗಿದೆ. ನೀವು ತೃಪ್ತಿ ವ್ಯಕ್ತಪಡಿಸಿದ್ದೀರಿ. ಧನ್ಯವಾದಗಳು.

"ಭೀಮಬಾಯಿಗಿ... ಕೊಟ್ಟೀವಿ... ಅಂತಾರ. ಯಾವ... ಭೀಮಬಾಯಿಗಿ... ಬಂತವ್ವಾ?"

ಬಾಗಿಲಲ್ಲಿ ಖಾಜಾಬಿ ನಿಂತಿದ್ದಳು, ಮೂಗಿನಲ್ಲಿ ನಳಿಗೆಯ ಗುರುತು. ಅವಳೇ ಮಾತಾಡಿದಳು. "ನಮ್ ಓಣಿ ಲಾಲಸಾಬಗೂ ಬಂದದವ್ವಾ, ಮೆಸೇಜು. ಅವ ಸತ್ತು ಎಂಟ್ ದಿನ ಆಗ್ಯದ. ಮಗಾ ಮನಿಗಿ ಕೀಲಿ ಹಾಕ್ಕೊಂಡ್ ದುಡೀಲಾಕ ಹೋದ. ಲಾಲಸಾಬ ಖುಷಿ ಆಗ್ಯಾನಂತ ಬರ್ದಾರ. ನಿನ್ನ ಸರ್ಕಾರಕ್ಕ ಏನ್ ಹುಚ್ಚು ಹಿಡದದೇನು?"

"ನನ್ನ ಸರ್ಕಾರ ಅಲ್ಲ ಅದು," ಎಂದು ಜಗದೇವಿ ರೇಗಿದಳು. ಹಾಗೆಂದ ಮೇಲೆ ತಾನು ಆ ಸರ್ಕಾರದ ಸಂಬಳ ತಿನ್ನುವವಳೆಂಬುದು ನೆನಪಾಗಿ ತಲೆ ತಗ್ಗಿಸಿದಳು. ಚಿಕ್ಕವ್ವ ಅವಳ ಕೈ ಹಿಡಿದು ತಟ್ಟಿದಳು. ಮಾತಾಡಲು ಅವಳಲ್ಲಿ ಉಸಿರು ಉಳಿದಿರಲಿಲ್ಲ.

ರಾಜಧಾನಿಗೆ ಮರಳಿದವಳೇ ಜಗದೇವಿ ಚಂದ್ರಮೌಳಿಯವರ ಕೋಣೆಗೆ ನುಗ್ಗಿದಳು. ಶಿಲವಾಡಿಗೆ ಸರ್ಕಾರದ ಒಂದೇ ಒಂದು ಮಷೀನೂ ಬಂದಿಲ್ಲ, ಜನ ಸಾಯುತ್ತಿದ್ದಾರೆ ಎಂದಳು. ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಅದರಲ್ಲಿ ಭೀಮಬಾಯಿಯ ಅಚ್ಚು ನಳಿಗೆ ಹಚ್ಚಿಕೊಂಡು ಕೌದಿ ಹೊಲಿಯುತ್ತಿತ್ತು.

"ಚೆನ್ನಾಗೇ ಇದಾರಲ್ಲಮ್ಮ. ಫಲಾನುಭವಿ ತೃಪ್ತಿ ನೂರಕ್ಕೆ ನೂರು."

"ಅದು ಅಚ್ಚು ಸರ್. ನಾನು ಮನುಷ್ಯರ ಬಗ್ಗೆ ಹೇಳ್ತಿದೀನಿ."

"ಮನುಷ್ಯರು ಹೇಳೋದಕ್ಕೆಲ್ಲ ದಾಖಲೆ ಎಲ್ಲಿರತ್ತೆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ದಾಖಲೆ ಒಂದೇ ಹೇಳತ್ತೆ. ನೀವು ಸ್ವಲ್ಪ ರಜಾ ತಗೊಳ್ಳಿ, ಬಳಲಿದೀರಿ."

ಅವಳು ಹೊರಗೆ ಬಂದಾಗ ಮೊಗಸಾಲೆಯಲ್ಲಿ ದೊಡ್ಡ ಗಲಾಟೆ. ದಾಸ್ತಾನು ತಪಾಸಣೆಯ ಕಾಲ ಅದು. ವರ್ಷಕ್ಕೊಮ್ಮೆ ಬರುವ ಆ ತಪಾಸಕರು ಮನುಷ್ಯರ ಕಡೆ ನೋಡುವವರಲ್ಲ. ಕುರ್ಚಿ, ಮೇಜು, ಬಕೆಟ್ಟು ಎಣಿಸುವವರು. ಎರಡನೆಯ ಮಹಡಿಯಲ್ಲಿ ಒಂದು ಗೋಡೆ ಫ್ಯಾನು ಕಾಣೆಯಾಗಿತ್ತಂತೆ. ಫ್ಯಾನಿಗೆ ಸಹಿ ಹಾಕಿದ್ದ ಅಧಿಕಾರಿ ಬೆವೆತು ಬಿಳಿಚಿಕೊಂಡು, ಇಬ್ಬರು ಜವಾನರನ್ನು ಪೇಟೆಗೆ ಓಡಿಸಿ, ಅದೇ ಬಣ್ಣದ ಹಳೇ ಫ್ಯಾನು ಹುಡುಕಿಸುತ್ತಿದ್ದ. ಸರ್ಕಾರಿ ವಸ್ತು ಕಾಣೆಯಾದರೆ ಅದರ ಬೆಲೆ ದಂಡ ಸಮೇತ ಸಹಿ ಹಾಕಿದವನ ಪಿಂಚಣಿಯಿಂದ ಕಡಿತ. ಬಡವನ ಅರ್ಜಿ ಕಳೆದುಹೋದರೆ ಈ ಭವನದಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ. ಫ್ಯಾನು ಕಳೆದುಹೋದರೆ ಊಟ ಬಿಡುತ್ತಿದ್ದರು.

ಜಗದೇವಿ ಅಲ್ಲೇ ನಿಂತುಬಿಟ್ಟಳು. ಈ ಜನರನ್ನು ಅವಳು ಹದಿನೈದು ವರ್ಷದಿಂದ ಬಲ್ಲಳು. ಅವರಿಗೆ ಕರುಣೆ ಬರಿಸಲು ಹೋಗಿ ಹೋಗಿ ಸೋತಿದ್ದಳು. ಇವರ ಎದೆಯಲ್ಲಿ ಕರುಣೆ ಇಲ್ಲದಿದ್ದರೂ ಭಯ ಧಾರಾಳವಾಗಿದೆ ಎಂಬುದು ಇಷ್ಟು ದಿನ ತನಗೆ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಮತ್ತೆ ಚಂದ್ರಮೌಳಿಯವರ ಕೋಣೆಗೆ ಹೋದಳು. ಈ ಸಲ ಅಳುಮುಖ ಇರಲಿಲ್ಲ.

"ಸರ್, ಕ್ಷಮಿಸಿ. ಜನರ ವಿಷಯ ಬಿಡಿ. ಒಂದು ದಾಸ್ತಾನಿನ ತೊಂದರೆ ಇದೆ."

ದಾಸ್ತಾನು ಎಂಬ ಮಾತಿಗೆ ಅವರ ಕನ್ನಡಕ ತಾನಾಗಿಯೇ ಮೇಲೇರಿತು.

"ಮಂತ್ರಿಗಳ ಅಪ್ಪಣೆ ಪ್ರಕಾರ ಸಭೆ ತೀರ್ಮಾನಗಳನ್ನ ಅಸಲಿ ದಾಖಲೆಗೆ ಏರಿಸಿದೀವಿ. ಹವಾ ಮಷೀನುಗಳು ರೋಗಿಗಳಿಗೆ ಬಳಸೋಕೆ ಕೊಟ್ಟ ಸರ್ಕಾರಿ ಸ್ವತ್ತು. ಹಾಗಾಗಿ ಅಸಲಿ ದಾಸ್ತಾನು ಪುಸ್ತಕದಲ್ಲಿ ಪ್ರತಿಯೊಂದಕ್ಕೂ ನಂಬರು ಬಿದ್ದಿದೆ. ಸ್ವೀಕರಿಸಿದವರ ಜಾಗದಲ್ಲಿ ನಿಮ್ಮ ಸಹಿ ಇದೆ."

"ಸರಿ, ಅದಕ್ಕೇನೀಗ?"

"ತಪಾಸಕರು ಮುಂದಿನ ತಿಂಗಳು ಶಿಲವಾಡಿಗೂ ಹೋಗ್ತಾರೆ ಸರ್. ಅಲ್ಲಿ ಕೆಲವು ಕಾಣಿಸ್ತಿಲ್ಲ."

"ಎಷ್ಟು ಕಾಣಿಸ್ತಿಲ್ಲ?"

"ಒಂದೂ ಕಾಣಿಸ್ತಿಲ್ಲ ಸರ್."

ಚಂದ್ರಮೌಳಿಯವರ ಮುಖದ ಬಣ್ಣ ಇಳಿಯಿತು. ಒಂದು ಫ್ಯಾನಿಗೆ ಒಬ್ಬನ ಪಿಂಚಣಿ ಹೋಗುವುದಾದರೆ ಸಾವಿರಾರು ಮಷೀನಿಗೆ ಏನೇನು ಹೋಗುತ್ತದೆಂದು ಅವರ ಮನಸ್ಸು ಯಂತ್ರಕ್ಕಿಂತ ಚುರುಕಾಗಿ ಲೆಕ್ಕ ಹಾಕಿತು. ನಿವೃತ್ತಿಯ ಮೇಲೆ ಕಟ್ಟಬೇಕೆಂದಿದ್ದ ಮನೆ, ಮಗಳ ಮದುವೆ, ಎಲ್ಲವೂ ಕಣ್ಣ ಮುಂದೆ ಹಾದುಹೋದವು. ದಾಖಲೆಯಿಂದ ಆ ನಂಬರುಗಳನ್ನು ಅಳಿಸಿಬಿಡಿ ಎನ್ನುವಂತಿರಲಿಲ್ಲ. ಅಳಿಸಿದರೆ ಮಂತ್ರಿಗಳ ಸಾಧನೆ ಅಳಿಸಿಹೋಗುತ್ತಿತ್ತು. ದಾಖಲೆ ತಪ್ಪು ಎಂದು ಬರೆಯುವ ಅಭ್ಯಾಸ ಅವರ ಕೈಗೂ ಇರಲಿಲ್ಲ. ಆ ಭವನದಲ್ಲಿ ದಾಖಲೆ ಯಾವತ್ತೂ ಸರಿ. ಅದಕ್ಕೆ ಹೊಂದದ್ದು ಏನಾದರೂ ಹೊರಗಿದ್ದರೆ, ಹೊರಗಿನದ್ದನ್ನು ಸರಿಪಡಿಸಬೇಕು.

"ತುರ್ತು ಖರೀದಿ," ಎಂದರು. "ಯಾರಿಗೂ ಗೊತ್ತಾಗಬಾರದು. ಪುಸ್ತಕದಲ್ಲಿರೋ ನಂಬರೇ ಮಷೀನಿನ ಮೇಲಿರಬೇಕು. ತಪಾಸಣೆಗೆ ಮೊದಲು ಪ್ರತಿಯೊಂದೂ ಅದರದೇ ಮನೇಲಿರಬೇಕು. ನೀವೇ ಹೋಗಿ ಮುಂದೆ ನಿಂತು ಮಾಡಿಸಿ."

"ಆಗಲಿ ಸರ್," ಎಂದಳು ಜಗದೇವಿ. ಬಾಗಿಲು ದಾಟುವವರೆಗೆ ನಗು ತಡೆದುಕೊಂಡಳು.

ಬಡವರ ಜೀವಕ್ಕೆ ಹಣವಿಲ್ಲ ಎನ್ನುತ್ತಿದ್ದ ಖಜಾನೆಯಲ್ಲಿ ಅಧಿಕಾರಿಯ ಪಿಂಚಣಿ ಉಳಿಸಲು ಹಣ ಹೇಗೆ ಉಕ್ಕಿತೆಂದರೆ, ಹತ್ತೇ ದಿನದಲ್ಲಿ ಲಾರಿಗಳು ಶಿಲವಾಡಿಯ ದಾರಿ ಹಿಡಿದವು. ಚಿಕ್ಕವ್ವ ಒಂದು ಸಲವೂ ರಾಜಧಾನಿಗೆ ಮತ್ತೆ ಬರಬೇಕಾಗಲಿಲ್ಲ. ಮಂಡಳಿಯ ಮುಂದೆ ಯಾರೂ ಕೆಮ್ಮಬೇಕಾಗಲಿಲ್ಲ. ಅವಸರದಲ್ಲಿ ದುಪ್ಪಟ್ಟು ಬೆಲೆ ಕೊಟ್ಟು ಕೊಂಡಿದ್ದರಿಂದ, ಹಿರೇಗಡದಲ್ಲಿ ನಿಜವಾದ ಸಭೆಯನ್ನೇ ಮಾಡಿದ್ದರೆ ಇದಕ್ಕಿಂತ ಅಗ್ಗವಾಗುತ್ತಿತ್ತು. ಈ ಮಾತನ್ನು ಜಗದೇವಿ ಯಾರಿಗೂ ಹೇಳಲಿಲ್ಲ. ಕೇಳಿದವರೂ ಇರಲಿಲ್ಲ.

ಲಾರಿಯ ಜೊತೆ ದಾಸ್ತಾನು ಅಧಿಕಾರಿ ರೇಣುಕಾರಾಧ್ಯ ಬಂದಿದ್ದ. ಸಭ್ಯ ಮನುಷ್ಯ, ತಲೆ ಬಗ್ಗಿಸಿ ನಂಬರು ನೋಡುವವನು. ಯಾವ ಮನೆಗೆ ಹೋದರೂ ರೋಗಿಯ ಹೆಸರು ಕೇಳುತ್ತಿರಲಿಲ್ಲ, ಮಷೀನು ಇಡುವ ಜಾಗ ಕೇಳುತ್ತಿದ್ದ. ಮೊದಲು ಭೀಮಬಾಯಿಯ ಮನೆ. ಮಷೀನನ್ನು ಮೂಲೆಯಲ್ಲಿಟ್ಟು, ಕರೆಂಟು ಕೊಟ್ಟು, ನಂಬರಿನ ತಗಡನ್ನು ಬಟ್ಟೆಯಿಂದ ಒರೆಸಿ, ಫೋಟೋ ತೆಗೆದುಕೊಂಡ. ಫೋಟೋದಲ್ಲಿ ಮುದುಕಿ ಬರದ ಹಾಗೆ ನೋಡಿಕೊಂಡ. ನಳಿಗೆಯನ್ನು ಚಿಕ್ಕವ್ವನ ಮೂಗಿಗೆ ಹಚ್ಚಿದವಳು ಜಗದೇವಿ. ಚಿಕ್ಕವ್ವ ಕಣ್ಣು ಮುಚ್ಚಿದಳು. ಎದೆ ಏರಿತು, ಇಳಿಯಿತು, ಇನ್ನೂ ಮೇಲಕ್ಕೆ ಏರಿತು. ಬಹಳ ಹೊತ್ತಿನ ಮೇಲೆ ತುಟಿಯ ನೀಲಿ ತಿಳಿಯಾಗತೊಡಗಿತು. ಜಗದೇವಿ ಅವಳ ಮುಂದೆ ನೆಲದ ಮೇಲೆ ಕೂತು ಅದನ್ನೇ ನೋಡಿದಳು. ಇಷ್ಟು ಸುಖ ಅವಳಿಗೆ ಡಾಕ್ಟರೇಟು ಬಂದಾಗಲೂ ಆಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಓಣಿಯ ಎಲ್ಲ ಮನೆಗಳೂ ಮುಗಿದು ಲಾಲಸಾಬನ ಮನೆ ಉಳಿಯಿತು. ರೇಣುಕಾರಾಧ್ಯ ಅವನ ಮಗನಿಗೆ ಫೋನು ಮಾಡಿ, ಅಕ್ಕಪಕ್ಕದವರಿಂದ ಇನ್ನೊಂದು ಬೀಗದಕೈ ತರಿಸಿ, ಬಾಗಿಲು ತೆರೆಸಿ, ಖಾಲಿ ಮನೆಯಲ್ಲಿ ಮಷೀನು ಇಡಿಸಿ, ಕರೆಂಟು ಕೊಡಿಸಿದ. ಆಮೇಲೆ ಬಾಗಿಲು ಮುಚ್ಚಿ, ಆ ಬೀಗದಕೈಯನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಮೇಲೆ ಸರ್ಕಾರದ ದೊಡ್ಡ ಬೀಗವೊಂದನ್ನು ಜಡಿದ. ಒಳಗೆ ಮಷೀನು ಗುಂಯ್ ಎನ್ನುತ್ತ ಗೋಡೆಗಳಿಗೆ ಗಾಳಿ ಕೊಡತೊಡಗಿತು. ಎದುರು ಮನೆಯ ಕಟ್ಟೆಯ ಮೇಲೆ ಹಣಮಂತ ಕೂತು ಕೆಮ್ಮುತ್ತಿದ್ದ. ಮೂವತ್ತರ ಪ್ರಾಯ, ಈಚೆಗೆ ಎದೆ ಹಿಡಿದವನು. ಆಸ್ಪತ್ರೆಯ ಚೀಟಿ ಇನ್ನೂ ಆಗಿರಲಿಲ್ಲವಾದ್ದರಿಂದ ಅವನ ಅಚ್ಚು ಯಂತ್ರದೊಳಗೆ ಆರೋಗ್ಯವಾಗಿ ಕಲ್ಲು ಉಜ್ಜುತ್ತಿತ್ತು.

"ಆ ಮಷೀನ್ ಅವನಿಗೆ ಕೊಡಿ," ಎಂದಳು ಜಗದೇವಿ.

"ಹೇಗೆ ಮೇಡಂ? ಅದು ಲಾಲಸಾಬ್ ಅನ್ನೋರ ಮನೆ ನಂಬರು."

"ಲಾಲಸಾಬ ಸತ್ತುಹೋಗಿದಾನೆ."

"ಅವರು ಇಲ್ದಿದ್ರೆ ಪರವಾಗಿಲ್ಲ ಮೇಡಂ, ಮಷೀನ್ ಇರಬೇಕು. ಜಾಗ ಬದಲಾಯ್ಸೋಕೆ ಪ್ರಾದೇಶಿಕ ಸಭೆ ಒಪ್ಪಿಗೆ ಬೇಕು."

ಆಗ ಚಿಕ್ಕವ್ವನ ಮನೆಯಿಂದ ದನಿಯೊಂದು ಬಂತು. ಜಗದೇವಿ ತಿರುಗಿ ನೋಡಿದಳು. ಭೀಮಬಾಯಿ ಉದ್ದನೆಯ ನಳಿಗೆಯನ್ನು ಎಳೆದುಕೊಂಡೇ ಹೊಸ್ತಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತಿದ್ದಳು.

"ಏ ಸಾಹೇಬಾ, ಲಾಲಸಾಬ ಇದ್ದಾಗ ಬರ್ಲಿಲ್ಲ ನೀ, ಈಗ ಅವನ ಖಾಲಿ ಮನಿಗಿ ಹವಾ ಹಾಕ್ಲತ್ತೀ, ಗ್ವಾಡಿಗಿ ಉಸ್ರು ಕಟ್ಟ್ಯದೇನು, ಆ ಹುಡುಗನ ಕೆಮ್ಮು ನಿನ್ನ ಕಿವಿಗಿ ಬೀಳಲ್ಲೇನು, ಆ ಕೀಲಿ ಒಡದು ಮಷೀನ್ ತಂದು ಹಣಮಂತನ ಮೂಗಿಗಿ ಹಚ್ಚೋ ತನಾ ಈ ಓಣಿ ಬಿಟ್ಟು ನಿನ್ನ ಲಾರಿ ಹ್ಯಾಂಗ ಹೋಗ್ತದ ನಾನೂ ನೋಡೇಬಿಡ್ತೀನಿ!"

ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದ್ದಳು. ಚಿಕ್ಕವ್ವನಿಗೇ ಆಶ್ಚರ್ಯವಾಗಿ ಒಂದು ಗಳಿಗೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಸಭೆ ಒಪ್ಪಿಗೆ ಇಲ್ದೆ ನಾನು..." ಎಂದು ರೇಣುಕಾರಾಧ್ಯ ತೊದಲಿದ.

ಚಿಕ್ಕವ್ವ ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಬಾಗಿಲುಗಳಲ್ಲಿ, ಕಟ್ಟೆಗಳಲ್ಲಿ, ನಳಿಗೆ ಹಚ್ಚಿಕೊಂಡ ಮುಖಗಳೆಲ್ಲ ಅವಳನ್ನೇ ನೋಡುತ್ತಿದ್ದವು.

"ಏನಂತೀರಿ?" ಎಂದಳು.

"ಒಡೀರಿ," ಎಂದಳು ಖಾಜಾಬಿ. "ಒಡೀರಿ, ಒಡೀರಿ," ಎಂದು ಉಳಿದವರೂ ಅಂದರು. ಯಾರೋ ಕಲ್ಲು ಸೀಳುವ ಸುತ್ತಿಗೆ ತಂದರು. ಬೀಗ ಸರ್ಕಾರದ್ದೇ ಆದರೂ ಎರಡೇಟಿಗೆ ಬಿತ್ತು. ಬಾಗಿಲು ತೆರೆದು, ಮಷೀನನ್ನು ಇಬ್ಬರು ಎತ್ತಿಕೊಂಡು ಹಣಮಂತನ ಕಟ್ಟೆಗೆ ತಂದರು.

ರೇಣುಕಾರಾಧ್ಯ ನೆಲಕ್ಕೆ ಬಿದ್ದ ಬೀಗವನ್ನು ಎತ್ತಿಕೊಂಡು, ಪೆನ್ನು ತೆಗೆದು, ದಿಕ್ಕುಗಾಣದೆ ಜಗದೇವಿಯ ಕಡೆ ನೋಡಿದ. "ಇದು ಸರ್ಕಾರಿ ಸ್ವತ್ತು ಮೇಡಂ. ಯಾವ ಖರ್ಚಿಗೆ ಅಂತ ಬರೀಲಿ?"

ಈ ಸುದ್ದಿ ನಾಳೆ ಭವನ ಮುಟ್ಟುತ್ತದೆ, ನಾಡಿದ್ದು ತನ್ನ ಕೆಲಸ ಹೋಗುತ್ತದೆ ಎಂದು ಜಗದೇವಿಗೆ ಗೊತ್ತಿತ್ತು. ಅವಳು ಹಣಮಂತನ ಮೂಗಿಗೆ ನಳಿಗೆ ಸಿಕ್ಕಿಸಿ, ಅವನ ಕೆಮ್ಮು ಇಳಿಯುವವರೆಗೆ ಕಾದು, ಆಮೇಲೆ ಉತ್ತರ ಕೊಟ್ಟಳು.

"ಮೂಡಲಸೀಮೆ ಸಭಾದ ಮೊದಲ ದಿನದ ಖರ್ಚು ಅಂತ ಬರಕೋರಿ. ಒಂದು ಕೀಲಿ."